ಹಳೆಯ ಕಡತ ಯಾರ ಸ್ವತ್ತು? ತನಿಖಾ ದಾಖಲೆಗಳು ಮತ್ತು ನೊಂದವರ ಹಕ್ಕು

ಬೆಳ್ತಂಗಡಿ: 2000ದಿಂದ 2015ರವರೆಗೆ ಬೆಳ್ತಂಗಡಿ ಪೊಲೀಸ್ ಠಾಣೆಯಲ್ಲಿ ದಾಖಲಾಗಿದ್ದ ಅಸಹಜ ಸಾವುಗಳ ಕಡತಗಳು ಈಗ ಲಭ್ಯವಿಲ್ಲ, ಅವುಗಳನ್ನು ಆಡಳಿತಾತ್ಮಕ ಆದೇಶದನ್ವಯ ನಾಶಪಡಿಸಲಾಗಿದೆ. ಮಾಹಿತಿ ಹಕ್ಕಿನಡಿ ಸಲ್ಲಿಸಿದ ಅರ್ಜಿಯೊಂದಕ್ಕೆ ಠಾಣೆ ನೀಡಿದ ಈ ಉತ್ತರ 2025ರ ಆಗಸ್ಟ್ ತಿಂಗಳ ಆರಂಭದಲ್ಲಿ ಬಹಿರಂಗವಾದಾಗ ರಾಜ್ಯದಾದ್ಯಂತ ಚರ್ಚೆಗೆ ಗ್ರಾಸವಾಯಿತು. ಆ ದಿನಗಳಲ್ಲಿ ಧರ್ಮಸ್ಥಳ ಗ್ರಾಮದಲ್ಲಿ ವಿಶೇಷ ತನಿಖಾ ತಂಡವು ನೆಲ ಅಗೆಸುವ ಕಾರ್ಯದಲ್ಲಿ ನಿರತವಾಗಿತ್ತು. ಒಂದೆಡೆ ಮಣ್ಣಿನಡಿಯಲ್ಲಿ ಸಾಕ್ಷ್ಯದ ಹುಡುಕಾಟ ನಡೆದಿದ್ದರೆ, ಇನ್ನೊಂದೆಡೆ ಅದೇ ಕಾಲಾವಧಿಯ ಕಾಗದದ ಸಾಕ್ಷ್ಯ ಕಪಾಟಿನಿಂದಲೇ ಮರೆಯಾಗಿತ್ತು.

ಈ ಘಟನೆಯು ಒಂದು ಠಾಣೆಗೆ ಸೀಮಿತವಾಗದ ಪ್ರಶ್ನೆಯೊಂದನ್ನು ಮುಂದಿಟ್ಟಿದೆ. ಠಾಣೆ, ಆಸ್ಪತ್ರೆ, ಬಾಲಮಂದಿರ, ವಸತಿ ಶಾಲೆ, ಧಾರ್ಮಿಕ ಸಂಸ್ಥೆ ಮೊದಲಾದ ಕಡೆಗಳಲ್ಲಿ ಹಿಂದೆಂದೋ ನಡೆಯಿತೆನ್ನಲಾದ ದೌರ್ಜನ್ಯದ ಬಗ್ಗೆ ತನಿಖೆ ಅಥವಾ ವಿಚಾರಣೆ ನಡೆದಾಗ ಸೃಷ್ಟಿಯಾಗುವ ದಾಖಲೆಗಳು ಯಾರಿಗೆ ಸೇರಿದವು? ಅವುಗಳನ್ನು ಎಷ್ಟು ಕಾಲ ಕಾಪಾಡಬೇಕು? ನೊಂದವರಾಗಲಿ, ಅವರ ಕುಟುಂಬದವರಾಗಲಿ ಅವುಗಳ ಪ್ರತಿ ಪಡೆಯಲು ಕಾನೂನಿನಲ್ಲಿ ಅವಕಾಶವಿದೆಯೇ?

ಪ್ರಕರಣದ ಹಿನ್ನೆಲೆ

ಧರ್ಮಸ್ಥಳದಲ್ಲಿ 1990ರ ದಶಕದ ಮಧ್ಯಭಾಗದಿಂದ 2014ರವರೆಗೆ ನೈರ್ಮಲ್ಯ ಕೆಲಸ ಮಾಡಿದ್ದಾಗಿ ಹೇಳಿಕೊಂಡ ವ್ಯಕ್ತಿಯೊಬ್ಬರು, ಆ ಅವಧಿಯಲ್ಲಿ ಬೆದರಿಕೆಗೊಳಗಾಗಿ ಅನೇಕ ಮೃತದೇಹಗಳನ್ನು ಹೂತುಹಾಕಿದ್ದಾಗಿ ದೂರು ನೀಡಿದರು. 2025ರ ಜುಲೈ 4ರಂದು ಧರ್ಮಸ್ಥಳ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಅದೇ ತಿಂಗಳ 19ರಂದು ರಾಜ್ಯ ಸರಕಾರವು ಹಿರಿಯ ಐಪಿಎಸ್ ಅಧಿಕಾರಿ ಪ್ರಣವ್ ಮೊಹಾಂತಿ ನೇತೃತ್ವದಲ್ಲಿ ವಿಶೇಷ ತನಿಖಾ ತಂಡವನ್ನು ರಚಿಸಿತು. ಜುಲೈ ಅಂತ್ಯದಲ್ಲಿ ಅಗೆತ ಆರಂಭವಾಯಿತು. ಕೆಲವೆಡೆ ಅಸ್ಥಿಗಳ ಅವಶೇಷಗಳು ದೊರೆತವು, ದೂರುದಾರ ತೋರಿಸಿದ ಹೆಚ್ಚಿನ ಸ್ಥಳಗಳಲ್ಲಿ ಏನೂ ದೊರೆಯಲಿಲ್ಲ. ಆಗಸ್ಟ್ 23ರಂದು ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ದೂರುದಾರನನ್ನೇ ಬಂಧಿಸಲಾಯಿತು. ನವೆಂಬರ್‌ನಲ್ಲಿ ತಂಡವು ಬೆಳ್ತಂಗಡಿ ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು.

ಮೂಲ ದೂರಿನ ಆರೋಪಗಳು ಸಾಬೀತಾಗಿಲ್ಲ. ಅವು ಸತ್ಯವೋ ಸುಳ್ಳೋ ಎಂಬುದನ್ನು ನಿರ್ಧರಿಸಬೇಕಾದುದು ನ್ಯಾಯಾಲಯ. ಆದರೆ ತನಿಖೆಯ ಫಲಿತಾಂಶ ಏನೇ ಆಗಿರಲಿ, ಕಡತಗಳ ನಾಶದಿಂದ ಉಂಟಾದ ನಷ್ಟ ಎರಡೂ ಪಕ್ಷಗಳಿಗೆ ಸಮಾನವಾದುದು ಎಂಬ ಅಂಶ ಗಮನಾರ್ಹ. ಕಾಣೆಯಾದ ಮಗಳನ್ನು ಹುಡುಕುತ್ತಿರುವ ಕುಟುಂಬಕ್ಕೆ ಗುರುತು ಸಿಗದ ಶವದ ಪಂಚನಾಮೆಯೊಂದು ಉತ್ತರವಾಗಬಹುದಿತ್ತು. ಸುಳ್ಳು ಆರೋಪಕ್ಕೆ ಗುರಿಯಾದೆವೆಂದು ಹೇಳುವವರಿಗೂ ಅದೇ ಪಂಚನಾಮೆ ರಕ್ಷಣೆಯಾಗಬಹುದಿತ್ತು. ದಾಖಲೆ ಇಲ್ಲದ ಕಡೆ ಉಳಿಯುವುದು ನೆನಪು ಮತ್ತು ವದಂತಿ ಮಾತ್ರ. ತನಿಖೆಯ ನಡುವೆ ಹೇಳಿಕೆಗಳು ಪದೇಪದೇ ಬದಲಾದಾಗ, ಯಾವುದನ್ನು ಯಾವುದರೊಂದಿಗೆ ಹೋಲಿಸಿ ನೋಡಬೇಕೆಂಬ ಸಮಸ್ಯೆ ಸಾರ್ವಜನಿಕರಿಗೂ ಎದುರಾಯಿತು.

ಒಂದು ಸಾವು, ಹಲವು ದಾಖಲೆ

ಅಸಹಜ ಸಾವಿನ ವರದಿಯನ್ನು ಪೊಲೀಸ್ ಇಲಾಖೆಯಲ್ಲಿ 'ಯುಡಿಆರ್' ಎಂದು ಕರೆಯಲಾಗುತ್ತದೆ. ಆತ್ಮಹತ್ಯೆ, ಅಪಘಾತ, ನೀರುಪಾಲು ಅಥವಾ ಸಂಶಯಾಸ್ಪದ ಸಾವು ಸಂಭವಿಸಿದಾಗ ಸ್ಥಳೀಯರ ಸಮ್ಮುಖದಲ್ಲಿ ಶವದ ಪಂಚನಾಮೆ ನಡೆಸಿ, ಗಾಯಗಳ ವಿವರ ಬರೆದು, ಸಾವಿಗೆ ಕಂಡುಬರುವ ಕಾರಣವನ್ನು ದಾಖಲಿಸಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಸೆಕ್ಷನ್ ಇದನ್ನು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 194ನೇ ಸೆಕ್ಷನ್.

ಈ ಸೆಕ್ಷನ್‌ನ ಪ್ರಕಾರ ವರದಿಯು ಠಾಣೆಯಲ್ಲೇ ಉಳಿಯುವಂತಿಲ್ಲ. ಅದನ್ನು ಜಿಲ್ಲಾ ದಂಡಾಧಿಕಾರಿ ಅಥವಾ ಉಪವಿಭಾಗ ದಂಡಾಧಿಕಾರಿಗೆ ಕಳುಹಿಸಬೇಕು. ಬೆಳ್ತಂಗಡಿ ತಾಲೂಕು ಪುತ್ತೂರು ಉಪವಿಭಾಗಕ್ಕೆ ಸೇರಿದ್ದರೆ, ಬಂಟ್ವಾಳ ಮತ್ತು ಮೂಡುಬಿದಿರೆ ಮಂಗಳೂರು ಉಪವಿಭಾಗಕ್ಕೆ ಸೇರಿವೆ. ಮರಣೋತ್ತರ ಪರೀಕ್ಷೆ ನಡೆದ ಆಸ್ಪತ್ರೆಯಲ್ಲಿ ಪ್ರತ್ಯೇಕ ರಿಜಿಸ್ಟರ್ ಇರುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ನೋಂದಣಿ ಪುಸ್ತಕದಲ್ಲಿಯೂ ಸಾವು ನಮೂದಾಗಬೇಕು. ವಾರಸುದಾರರಿಲ್ಲದ ಶವವನ್ನು ಸ್ಥಳೀಯ ಸಂಸ್ಥೆಯ ಮೂಲಕ ದಫನ ಮಾಡಿದ್ದರೆ ಗ್ರಾಮ ಪಂಚಾಯತ್‌ನ ಖರ್ಚಿನ ರಸೀದಿಯೂ ದಾಖಲೆಯೇ. ಧರ್ಮಸ್ಥಳ ಪ್ರಕರಣದಲ್ಲಿ ತನಿಖಾ ತಂಡವು ಗ್ರಾಮ ಪಂಚಾಯತ್‌ನ ಹಳೆಯ ದಾಖಲೆಗಳನ್ನು ಪಡೆದುಕೊಂಡದ್ದು ಇದೇ ಕಾರಣಕ್ಕೆ.

ಹೀಗಾಗಿ ಒಂದು ಕಚೇರಿಯ ಕಡತ ನಾಶವಾದರೂ ಅದರ ಛಾಯೆ ಇನ್ನೊಂದು ಕಚೇರಿಯಲ್ಲಿ ಉಳಿದಿರುವ ಸಾಧ್ಯತೆಯಿದೆ. ಆದರೆ ಯಾವ ಕಚೇರಿಯಲ್ಲಿ ಏನಿದೆ ಎಂದು ಒಂದೆಡೆ ಹೇಳುವ ಸೂಚಿ ಇಲ್ಲ. ಅದನ್ನು ಹುಡುಕುವ ಹೊಣೆ ನೊಂದ ಕುಟುಂಬದ ಮೇಲೆಯೇ ಬೀಳುತ್ತದೆ.

ಕಾನೂನಿನಲ್ಲಿ ಏನಿದೆ?

ದೌರ್ಜನ್ಯದ ವಿಚಾರಣಾ ದಾಖಲೆಗಳನ್ನು ನೊಂದವರಿಗೆ ನೀಡುವ ಕುರಿತೇ ರೂಪಿಸಿದ ಪ್ರತ್ಯೇಕ ಅಧಿನಿಯಮ ಕರ್ನಾಟಕದಲ್ಲಾಗಲಿ, ಕೇಂದ್ರದಲ್ಲಾಗಲಿ ಇಲ್ಲ. ಇರುವುದು ಬೇರೆ ಬೇರೆ ಕಾನೂನುಗಳಲ್ಲಿ ಚದುರಿರುವ ಅವಕಾಶಗಳು.

ಮಾಹಿತಿ ಹಕ್ಕು ಅಧಿನಿಯಮ, 2005: ಅರ್ಜಿದಾರರು ಮಾಹಿತಿ ಏಕೆ ಬೇಕೆಂದು ಹೇಳಬೇಕಾಗಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು 8(1)(ಎಚ್) ಅಡಿ ನಿರಾಕರಿಸಬಹುದು. ಆದರೆ ತನಿಖೆ ನಡೆಯುತ್ತಿದೆ ಎಂಬ ಒಂದೇ ಕಾರಣ ಸಾಲದು, ಹೇಗೆ ಅಡ್ಡಿಯಾಗುತ್ತದೆ ಎಂಬುದನ್ನು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ದಾಖಲೆಯ ಒಂದು ಭಾಗ ಗೋಪ್ಯವಾಗಿದ್ದರೆ ಅದನ್ನು ಮುಚ್ಚಿ ಉಳಿದುದನ್ನು ನೀಡಬೇಕೆಂದು 10ನೇ ಸೆಕ್ಷನ್ ಹೇಳುತ್ತದೆ.

ಅತ್ಯಂತ ಮಹತ್ವದ್ದು 8(3)ನೇ ಸೆಕ್ಷನ್. ಅರ್ಜಿಯ ದಿನಾಂಕಕ್ಕಿಂತ 20 ವರ್ಷಗಳ ಹಿಂದೆ ನಡೆದ ಘಟನೆಯ ಮಾಹಿತಿಯನ್ನು, ದೇಶದ ಭದ್ರತೆ, ಶಾಸಕಾಂಗದ ಹಕ್ಕುಚ್ಯುತಿ ಹಾಗೂ ಸಂಪುಟದ ಕಡತಗಳಿಗೆ ಸಂಬಂಧಿಸಿದ ವಿನಾಯಿತಿಗಳ ಹೊರತಾಗಿ, ನೀಡಲೇಬೇಕು. ಅಂದರೆ ತನಿಖೆಗೆ ಅಡ್ಡಿ ಎಂಬ ನೆಪವಾಗಲಿ, ಖಾಸಗಿತನದ ನೆಪವಾಗಲಿ 20 ವರ್ಷಗಳ ಬಳಿಕ ನಿಲ್ಲುವುದಿಲ್ಲ. ಆದರೆ ಈ ಸೆಕ್ಷನ್ ಕಡತವನ್ನು ಅಷ್ಟು ಕಾಲ ಕಾಪಾಡಬೇಕೆಂದು ಎಲ್ಲಿಯೂ ಹೇಳಿಲ್ಲ. ಬೆಳ್ತಂಗಡಿಯ ಉದಾಹರಣೆಯಲ್ಲಿ 2005ಕ್ಕಿಂತ ಹಿಂದಿನ ಸಾವುಗಳ ಮಾಹಿತಿ ಪಡೆಯಲು 2025ರ ಹೊತ್ತಿಗೆ ಕಾನೂನಿನ ಬಾಗಿಲು ಪೂರ್ಣ ತೆರೆದಿತ್ತು. ಒಳಗೆ ಕಡತವಿರಲಿಲ್ಲ. ಇಡೀ ವ್ಯವಸ್ಥೆಯ ದೊಡ್ಡ ಲೋಪ ಇದೇ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023: ಈ ಅಧಿನಿಯಮದ ಮೂಲಕ ಮಾಹಿತಿ ಹಕ್ಕಿನ 8(1)(ಜೆ) ಸೆಕ್ಷನ್‌ಗೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವ ಅವಕಾಶ ಇದರಿಂದ ವಿಸ್ತಾರವಾಗಿದೆ. ತನ್ನದೇ ಹೇಳಿಕೆಯ ಪ್ರತಿ ಕೇಳುವವರಿಗೂ, ಅದೇ ಪುಟದಲ್ಲಿ ಇತರರ ಹೆಸರಿದೆ ಎಂಬ ಕಾರಣ ನೀಡಿ ತಡೆಯೊಡ್ಡಲು ಇದನ್ನು ಬಳಸಬಹುದು. ಸಾರ್ವಜನಿಕ ಹಿತಾಸಕ್ತಿ ಮೇಲುಗೈ ಪಡೆದಾಗ ಮಾಹಿತಿ ನೀಡಬಹುದೆಂಬ 8(2)ನೇ ಸೆಕ್ಷನ್ ಮಾತ್ರ ಹಾಗೆಯೇ ಉಳಿದಿದೆ.

ವಿಚಾರಣಾ ಆಯೋಗಗಳ ಅಧಿನಿಯಮ, 1952: ಸರಕಾರ ನೇಮಿಸುವ ನ್ಯಾಯಾಂಗ ವಿಚಾರಣಾ ಆಯೋಗಗಳು ಇದರಡಿ ಕೆಲಸ ಮಾಡುತ್ತವೆ. ವರದಿಯನ್ನು, ಕೈಗೊಂಡ ಕ್ರಮದ ವಿವರದೊಂದಿಗೆ ಆರು ತಿಂಗಳೊಳಗೆ ಶಾಸನಸಭೆಯ ಮುಂದಿಡಬೇಕು. ವಿಚಾರಣೆಯಿಂದ ಹೆಸರಿಗೆ ಧಕ್ಕೆ ಬರಬಹುದಾದ ವ್ಯಕ್ತಿಗೆ ತನ್ನ ವಾದ ಮಂಡಿಸುವ ಹಕ್ಕನ್ನು 8ಬಿ ಸೆಕ್ಷನ್ ನೀಡಿದೆ. ಆದರೆ ಆಯೋಗದ ಮುಂದೆ ಕುಳಿತು ತನ್ನ ಸಂಕಟ ಹೇಳಿಕೊಂಡವರಿಗೆ, ಆಯೋಗ ಮುಗಿದ ಬಳಿಕ ತಮ್ಮ ಹೇಳಿಕೆಯ ಪ್ರತಿ ಪಡೆಯುವ ಹಕ್ಕನ್ನು ಈ ಅಧಿನಿಯಮ ಪ್ರತ್ಯೇಕವಾಗಿ ನೀಡಿಲ್ಲ.

ಸಾರ್ವಜನಿಕ ದಾಖಲೆಗಳ ಕಾನೂನು: ಕೇಂದ್ರದ 1993ರ ಅಧಿನಿಯಮವು ನಿಯಮಬಾಹಿರವಾಗಿ ದಾಖಲೆ ನಾಶಪಡಿಸಿದವರಿಗೆ 5 ವರ್ಷಗಳವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಇದು ಕೇಂದ್ರ ಸರಕಾರ ಮತ್ತು ಕೇಂದ್ರಾಡಳಿತ ಪ್ರದೇಶಗಳ ದಾಖಲೆಗಳಿಗೆ ಅನ್ವಯ. ಕರ್ನಾಟಕಕ್ಕೆ 2010ರ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮವಿದೆ. ಇಂಥ ಕಾನೂನುಗಳು ಮುಖ್ಯವಾಗಿ ಹೇಳುವುದು ಕಚೇರಿಗೂ ಪತ್ರಾಗಾರಕ್ಕೂ ಇರುವ ಸಂಬಂಧವನ್ನು. ಕಡತದೊಳಗೆ ಯಾರ ಹೆಸರಿದೆಯೋ ಅವರ ಹಕ್ಕಿನ ಮಾತು ಅವುಗಳ ಕೇಂದ್ರವಲ್ಲ.

ಹಕ್ಕು ನೀಡಿರುವ ಕಾನೂನುಗಳೂ ಇವೆ

ನೊಂದವರಿಗೆ ಪ್ರತಿ ನೀಡುವುದು ನಮ್ಮ ಕಾನೂನಿಗೆ ಹೊಸ ವಿಚಾರವೇನಲ್ಲ. 2015ರ ಬಾಲನ್ಯಾಯ ಅಧಿನಿಯಮದ 99ನೇ ಸೆಕ್ಷನ್ ಮಕ್ಕಳ ಕುರಿತ ವರದಿಗಳು ಗೋಪ್ಯವೆಂದು ಹೇಳುತ್ತಲೇ, ನೊಂದ ವ್ಯಕ್ತಿಗೆ ತನ್ನ ಪ್ರಕರಣದ ದಾಖಲೆ, ಆದೇಶ ಮತ್ತು ಸಂಬಂಧಿತ ಕಾಗದಪತ್ರಗಳನ್ನು ನಿರಾಕರಿಸುವಂತಿಲ್ಲ ಎಂದು ಎರಡನೇ ಉಪವಿಧಿಯಲ್ಲಿ ಸ್ಪಷ್ಟಪಡಿಸಿದೆ. ಬಾಲಮಂದಿರ ಅಥವಾ ಅನಾಥಾಲಯದಲ್ಲಿ ಬೆಳೆದು ಈಗ ವಯಸ್ಕರಾಗಿರುವವರಿಗೆ ಇದು ಬಲವಾದ ಆಧಾರ. ಆದರೆ ಇದೇ ಅಧಿನಿಯಮವು ಮಗುವಿನ ಬಾಳಿಗೆ ಕಳಂಕ ಅಂಟದಿರಲೆಂದು ಹಳೆಯ ದಾಖಲೆಗಳನ್ನು ಅಳಿಸಬೇಕೆಂಬ 'ಹೊಸ ಆರಂಭ'ದ ತತ್ತ್ವವನ್ನೂ ಒಪ್ಪಿಕೊಂಡಿದೆ. ಸದುದ್ದೇಶದ ಈ ನಿಯಮ, ಸಂಸ್ಥೆಯೊಳಗೆ ಆ ಮಗುವಿಗೇ ಅನ್ಯಾಯವಾಗಿದ್ದರೆ ಅದರ ಪುರಾವೆಯನ್ನೂ ಅಳಿಸಿಹಾಕುವ ಅಪಾಯವಿದೆ.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆ ಅಧಿನಿಯಮ, 2013ರ 13ನೇ ಸೆಕ್ಷನ್ ಆಂತರಿಕ ಸಮಿತಿಯ ವರದಿಯನ್ನು ಸಂಬಂಧಪಟ್ಟ ಎರಡೂ ಕಡೆಯವರಿಗೆ ಒದಗಿಸಬೇಕೆನ್ನುತ್ತದೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 18ನೇ ಸೆಕ್ಷನ್ ಪ್ರಕಾರ ಆಯೋಗದ ವಿಚಾರಣಾ ವರದಿಯ ಪ್ರತಿ ಅರ್ಜಿದಾರರಿಗೆ ದೊರೆಯಬೇಕು. ನಾಗರಿಕ ಸುರಕ್ಷಾ ಸಂಹಿತೆಯು ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ನೊಂದವರಿಗೆ ತಿಳಿಸಬೇಕೆಂದು 193ನೇ ಸೆಕ್ಷನ್‌ನಲ್ಲಿ ಹೇಳಿದೆ. ವಕೀಲರ ಮೂಲಕ ಪ್ರತಿನಿಧಿಸುವ ಸಂತ್ರಸ್ತರಿಗೂ ಆರೋಪಪಟ್ಟಿ ಮತ್ತಿತರ ದಾಖಲೆಗಳ ಪ್ರತಿ ನೀಡಬೇಕೆಂದು 230ನೇ ಸೆಕ್ಷನ್ ವಿಧಿಸಿದೆ.

ನ್ಯಾಯಾಲಯದ ಮಾರ್ಗದರ್ಶನವೂ ಇದೆ. 1979-80ರಲ್ಲಿ ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ವಿಚಾರಣಾಧೀನ ಕೈದಿಗಳ ಕಣ್ಣು ಕುರುಡಾಗಿಸಿದ ಪ್ರಕರಣದಲ್ಲಿ, ಘಟನೆಯ ಬಗ್ಗೆ ಪೊಲೀಸ್ ಅಧಿಕಾರಿಗಳೇ ಸಿದ್ಧಪಡಿಸಿದ್ದ ತನಿಖಾ ವರದಿಗಳನ್ನು ನೀಡಲು ಬಿಹಾರ ಸರಕಾರ ಒಪ್ಪಲಿಲ್ಲ. 1981ರಲ್ಲಿ ಖತ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಆಕ್ಷೇಪವನ್ನು ತಳ್ಳಿಹಾಕಿ, ವರದಿಗಳನ್ನು ಹಾಜರುಪಡಿಸಬೇಕೆಂದಿತು. ಸಂಸ್ಥೆಯೊಂದು ತನ್ನದೇ ತಪ್ಪಿನ ಬಗ್ಗೆ ಬರೆದಿಟ್ಟ ಕಾಗದವನ್ನು ನೊಂದವರಿಂದ ಮುಚ್ಚಿಡುವಂತಿಲ್ಲ ಎಂಬ ವಾದಕ್ಕೆ ಈ ತೀರ್ಪು ಇಂದಿಗೂ ಆಧಾರವಾಗಿದೆ.

ಕೇರಳದ ಪಾಠ

ಎಲ್ಲವನ್ನೂ ತೆರೆದಿಡುವುದೇ ಪರಿಹಾರವೇ? ನೆರೆಯ ಕೇರಳದ ಅನುಭವ ಹಾಗೆ ಹೇಳುವುದಿಲ್ಲ. ಮಲಯಾಳಂ ಚಿತ್ರರಂಗದಲ್ಲಿ ಮಹಿಳೆಯರ ಸ್ಥಿತಿಗತಿ ಅರಿಯಲು 2017ರಲ್ಲಿ ನೇಮಿಸಿದ ನ್ಯಾಯಮೂರ್ತಿ ಕೆ. ಹೇಮಾ ಸಮಿತಿಯು 2019ರ ಡಿಸೆಂಬರ್ 31ರಂದು ವರದಿ ಸಲ್ಲಿಸಿತು. ಸರಕಾರ ಅದನ್ನು ನಾಲ್ಕೂವರೆ ವರ್ಷ ಪ್ರಕಟಿಸಲಿಲ್ಲ. ರಾಜ್ಯ ಮಾಹಿತಿ ಆಯೋಗದ ಆದೇಶದ ಬಳಿಕ 2024ರ ಆಗಸ್ಟ್ 19ರಂದು, ವ್ಯಕ್ತಿಗಳ ಗುರುತು ಮರೆಮಾಚಿ, ವರದಿ ಬಿಡುಗಡೆಯಾಯಿತು.

ಆದರೆ ಅನಂತರ ವಿಶೇಷ ತನಿಖಾ ತಂಡವು ಸಮಿತಿಯ ಮುಂದಿನ ಹೇಳಿಕೆಗಳ ಆಧಾರದಲ್ಲಿ ಪ್ರಕರಣ ದಾಖಲಿಸಲು ಹೊರಟಾಗ, ಗೋಪ್ಯತೆಯ ಭರವಸೆಯ ಮೇಲೆ ಹೇಳಿಕೆ ನೀಡಿದ್ದ ಕೆಲವರು ಅದಕ್ಕೆ ಒಪ್ಪಲಿಲ್ಲ. ಒಬ್ಬ ನಟಿ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಏರಿದರು. ಮೊದಲು ಕಡತ ಮುಚ್ಚಿದ್ದೂ ನೊಂದವರನ್ನು ಕೇಳಿ ಅಲ್ಲ, ಬಳಿಕ ಅದನ್ನು ಬಳಸಿದ್ದೂ ಅವರನ್ನು ಕೇಳಿ ಅಲ್ಲ. ಹೇಳಿಕೆ ನೀಡಿದವರಿಗೆ ತಮ್ಮ ಮಾತಿನ ಮೇಲೆ ಅಧಿಕಾರವಿರಬೇಕೆಂಬುದು ಇಲ್ಲಿನ ಪಾಠ.

ಹೊರದೇಶಗಳಲ್ಲಿ

ಐರ್ಲೆಂಡ್ ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವ ದೇಶ. ಧಾರ್ಮಿಕ ಸಂಸ್ಥೆಗಳು ನಡೆಸುತ್ತಿದ್ದ ಮಕ್ಕಳ ವಸತಿ ಶಾಲೆಗಳಲ್ಲಿನ ದೌರ್ಜನ್ಯದ ಬಗ್ಗೆ 2000ದಲ್ಲಿ ಕಾನೂನಿನ ಮೂಲಕ ರಚನೆಯಾದ ಆಯೋಗವು 2009ರ ಮೇ ತಿಂಗಳಲ್ಲಿ ರಯಾನ್ ವರದಿಯನ್ನು ಪ್ರಕಟಿಸಿತು. ಆ ಆಯೋಗ ಮತ್ತು ಪರಿಹಾರ ಮಂಡಳಿಗಳ ದಾಖಲೆಗಳನ್ನು ಕನಿಷ್ಠ 75 ವರ್ಷ ಮುಚ್ಚಿಡುವ ಮಸೂದೆಯನ್ನು ಅಲ್ಲಿನ ಸರಕಾರ 2019ರಲ್ಲಿ ಮಂಡಿಸಿತು. ನೊಂದವರು ಬದುಕಿರುವಾಗ ತಮ್ಮದೇ ಕಥೆಯನ್ನು ಓದಲಾಗದೆಂದು ತೀವ್ರ ವಿರೋಧ ವ್ಯಕ್ತವಾದ ಬಳಿಕ ಮಸೂದೆ ಮುಂದುವರಿಯಲಿಲ್ಲ. ಅವಿವಾಹಿತ ತಾಯಂದಿರ ಆಶ್ರಮಗಳ ಕುರಿತ ಇನ್ನೊಂದು ಆಯೋಗವು 2021ರ ಜನವರಿಯಲ್ಲಿ ವರದಿ ನೀಡಿದಾಗ, ಸುಮಾರು 550 ಮಂದಿಯ ಹೇಳಿಕೆಗಳ ಧ್ವನಿಮುದ್ರಣ ಅಳಿಸಿಹಾಕಲಾಗಿದೆ ಎಂಬ ಸಂಗತಿ ಹೊರಬಿತ್ತು. ಬಳಿಕ ಬ್ಯಾಕಪ್ ಪ್ರತಿಗಳಿಂದ ಅವುಗಳನ್ನು ಮರಳಿ ಪಡೆಯಲಾಯಿತು. 2022ರಲ್ಲಿ ಐರ್ಲೆಂಡ್ ಜನ್ಮ ಮಾಹಿತಿ ಮತ್ತು ಶೋಧನೆಯ ಕಾನೂನು ಜಾರಿಗೊಳಿಸಿ, ದತ್ತು ಹೋದವರಿಗೆ ಹಾಗೂ ಇಂಥ ಸಂಸ್ಥೆಗಳಲ್ಲಿದ್ದವರಿಗೆ ತಮ್ಮ ಜನನದ ದಾಖಲೆ ಪಡೆಯುವ ಹಕ್ಕು ನೀಡಿತು.

ಕೆನಡಾದಲ್ಲಿ ಬೇರೊಂದು ದಾರಿ ಹಿಡಿಯಲಾಯಿತು. ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳ ಸಂತ್ರಸ್ತರು ಪರಿಹಾರಕ್ಕಾಗಿ ನೀಡಿದ ಗೋಪ್ಯ ಹೇಳಿಕೆಗಳನ್ನು 15 ವರ್ಷ ಕಾಯ್ದಿರಿಸಿ ಬಳಿಕ ನಾಶಪಡಿಸಬೇಕು, ಸಂತ್ರಸ್ತರು ಬಯಸಿದರೆ ಮಾತ್ರ ಪತ್ರಾಗಾರದಲ್ಲಿ ಉಳಿಸಬೇಕು ಎಂಬ ವ್ಯವಸ್ಥೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ಇಲ್ಲಿ ನಾಶವೂ ಇದೆ. ಆದರೆ ನಿರ್ಧಾರ ಗುಮಾಸ್ತನದ್ದಲ್ಲ, ನೊಂದವರದ್ದು.

ಕಾಯ್ದಿರಿಸುವ ಅವಧಿಯ ಬಗ್ಗೆಯೂ ಮಾದರಿಗಳಿವೆ. ಸಂಸ್ಥೆಗಳಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಕುರಿತ ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2017ರಲ್ಲಿ ಕನಿಷ್ಠ 45 ವರ್ಷಗಳನ್ನು ಶಿಫಾರಸು ಮಾಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ವತಂತ್ರ ವಿಚಾರಣೆಯು 2022ರಲ್ಲಿ 75 ವರ್ಷಗಳನ್ನು ಸೂಚಿಸಿತು. ಬಾಲ್ಯದಲ್ಲಿ ನೊಂದವರು ಬಾಯಿಬಿಡಲು ದಶಕಗಳೇ ಹಿಡಿಯುತ್ತವೆ ಎಂಬುದು ಇಷ್ಟು ದೀರ್ಘ ಅವಧಿಗೆ ಕಾರಣ.

ತಾಲೂಕುಗಳ ಅನುಭವ

ಕಾಗದದ ಬೆಲೆ ಈ ಭಾಗದ ಜನರಿಗೆ ಗೊತ್ತಿಲ್ಲದ್ದೇನಲ್ಲ. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಗೇಣಿದಾರ ಕುಟುಂಬಗಳು ಭೂನ್ಯಾಯ ಮಂಡಳಿಗೆ ಸಲ್ಲಿಸಿದ 'ಡಿಕ್ಲರೇಶನ್' ಮತ್ತು ಮಂಡಳಿಯ ಆದೇಶದ ಪ್ರತಿಯನ್ನು ಇಂದಿಗೂ ಜತನದಿಂದ ಇಟ್ಟುಕೊಂಡಿವೆ. ತಾಲೂಕು ಕಚೇರಿಗಳ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿ ಸಂರಕ್ಷಿಸುವ 'ಭೂಸುರಕ್ಷಾ' ಯೋಜನೆಯನ್ನು ರಾಜ್ಯ ಸರಕಾರ ಕೈಗೊಂಡಿದೆ. ಜಮೀನಿನ ಕಡತಕ್ಕೆ ದೊರೆತ ಈ ಕಾಳಜಿ ಗುರುತು ಸಿಗದ ಶವದ ಕಡತಕ್ಕೆ ದೊರೆತಿಲ್ಲ.

ಎಂಡೋಸಲ್ಫಾನ್ ಪ್ರಕರಣ ಇನ್ನೊಂದು ನಿದರ್ಶನ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಮುತ್ತಲಿನ ಗೇರು ತೋಟಗಳಿಗೆ ಸರಕಾರಿ ನಿಗಮವು 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಈ ಕೀಟನಾಶಕವನ್ನು ಸಿಂಪಡಿಸಿತ್ತು. ರಾಜ್ಯದಲ್ಲಿ 2011ರಲ್ಲಿ ಇದರ ಬಳಕೆ ನಿಷೇಧವಾಯಿತು. ಸಂತ್ರಸ್ತರಿಗೆ ಮಾಸಾಶನ ದೊರೆತದ್ದು ಆರೋಗ್ಯ ಇಲಾಖೆಯ ಸಮೀಕ್ಷಾ ಪಟ್ಟಿ ಮತ್ತು ಅಂಗವೈಕಲ್ಯದ ಪ್ರಮಾಣಪತ್ರದ ಆಧಾರದಲ್ಲಿ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಸರಕಾರದ ಬಾಗಿಲು ತೆರೆಯಿತು, ಇಲ್ಲದವರು ಹೊಸ್ತಿಲಲ್ಲೇ ಉಳಿದರು.

ಉಳಿಸುವುದು ಬೇರೆ, ತೆರೆಯುವುದು ಬೇರೆ ಎಂಬುದಕ್ಕೆ ಮೂಡುಬಿದಿರೆಯೇ ಸಾಕ್ಷಿ. ಧವಲಾ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಅಲ್ಲಿನ ಬಸದಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂತು. ಆದರೆ ಅವು ಪೂಜೆಗೆ ಮೀಸಲಾಗಿ, ಓದುವವರಿಗೆ ದೊರೆಯದಂತಿದ್ದವು. 19ನೇ ಶತಮಾನದ ಕೊನೆಗೆ ಪ್ರತಿ ತೆಗೆಯುವ ಕೆಲಸ ಆರಂಭವಾಗಿ, 1939ರಿಂದ ಮುದ್ರಣವಾದ ಬಳಿಕವಷ್ಟೇ ಜಗತ್ತಿಗೆ ತೆರೆದುಕೊಂಡವು. ದೌರ್ಜನ್ಯದ ದಾಖಲೆಗಳ ವಿಷಯದಲ್ಲಿ ನೊಂದವರಿಗೆ ಅಷ್ಟು ಕಾಲ ಕಾಯುವ ಆಯುಷ್ಯವಿಲ್ಲ.

ಪ್ರತಿ ಪಡೆಯುವ ಕ್ರಮ

ಸದ್ಯದ ಕಾನೂನಿನಲ್ಲಿ ಹಳೆಯ ದಾಖಲೆ ಬಯಸುವವರು ಅನುಸರಿಸಬಹುದಾದ ಕ್ರಮ ಹೀಗಿದೆ:

* ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳ ಠಾಣೆಗಳು ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ವ್ಯಾಪ್ತಿಯಲ್ಲಿವೆ. ಮೂಡುಬಿದಿರೆ ಠಾಣೆ ಮಂಗಳೂರು ನಗರ ಪೊಲೀಸ್ ಕಮಿಷನರೇಟ್‌ಗೆ ಸೇರಿದೆ. ಪೊಲೀಸ್ ಕಡತಗಳ ಅರ್ಜಿಯನ್ನು ಇದಕ್ಕನುಗುಣವಾಗಿ ಸಲ್ಲಿಸಬೇಕು.

* ಮೂಡುಬಿದಿರೆ ಪ್ರತ್ಯೇಕ ತಾಲೂಕಾಗುವ ಮುನ್ನ ಮಂಗಳೂರು ತಾಲೂಕಿನಲ್ಲಿತ್ತು. ಆದ್ದರಿಂದ ಅಲ್ಲಿನ ಹಳೆಯ ಕಂದಾಯ ಮತ್ತು ದಂಡಾಧಿಕಾರಿ ಕಡತಗಳಿಗೆ ಮಂಗಳೂರಿನಲ್ಲಿಯೂ ವಿಚಾರಿಸಬೇಕಾಗುತ್ತದೆ.

* ಠಾಣೆಯ ಜೊತೆಗೆ ಉಪವಿಭಾಗಾಧಿಕಾರಿ ಕಚೇರಿ, ಮರಣೋತ್ತರ ಪರೀಕ್ಷೆ ನಡೆದ ಆಸ್ಪತ್ರೆ ಹಾಗೂ ಸ್ಥಳೀಯ ಸಂಸ್ಥೆಗೂ ಪ್ರತ್ಯೇಕ ಅರ್ಜಿ ಸಲ್ಲಿಸುವುದು ಸೂಕ್ತ.

* ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳ ಮಿತಿಯಲ್ಲಿರಬೇಕು. ಶುಲ್ಕ 10 ರೂ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

* ಕಡತ ನಾಶವಾಗಿದೆ ಎಂಬ ಉತ್ತರ ಬಂದರೆ ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ನಾಶಕ್ಕೆ ಅನುಮತಿ ನೀಡಿದ ಆದೇಶ, ದಿನಾಂಕ, ಅಧಿಕಾರಿಯ ಪದನಾಮ ಮತ್ತು ನಾಶಪಡಿಸಿದ ಕಡತಗಳ ಪಟ್ಟಿಯನ್ನು ಇನ್ನೊಂದು ಅರ್ಜಿಯ ಮೂಲಕ ಕೇಳಬಹುದು.

* ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಲ್ಲದಿದ್ದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ಬಂದ ಬಳಿಕ ಅದೇ ಮಾಹಿತಿಯನ್ನು ನಾಶಪಡಿಸಿದರೆ ಅಧಿಕಾರಿಗೆ ದಿನಕ್ಕೆ 250 ರೂ.ನಂತೆ ಗರಿಷ್ಠ 25,000 ರೂ. ದಂಡ ವಿಧಿಸಲು 20ನೇ ಸೆಕ್ಷನ್‌ನಲ್ಲಿ ಅವಕಾಶವಿದೆ.

ಶಾಸನ ರಚಿಸುವುದಾದರೆ

ಪೊಲೀಸ್ ವ್ಯವಸ್ಥೆ ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ, ವಿಚಾರಣೆಗಳ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ಆದ್ದರಿಂದ ಈ ಕುರಿತು ಶಾಸನ ರೂಪಿಸಲು ಕರ್ನಾಟಕ ವಿಧಾನಮಂಡಲಕ್ಕೆ ಅಡ್ಡಿಯಿಲ್ಲ. ಮೇಲಿನ ಅನುಭವಗಳಿಂದ ಅಂಥ ಶಾಸನದಲ್ಲಿ ಇರಬೇಕಾದ ಅಂಶಗಳು ತಾವಾಗಿಯೇ ಹೊರಡುತ್ತವೆ.

ಗುರುತು ಪತ್ತೆಯಾಗದ ಶವ, ಪತ್ತೆಯಾಗದ ಕಾಣೆ ಪ್ರಕರಣ ಹಾಗೂ ಸಂಸ್ಥೆಗಳೊಳಗಿನ ದೌರ್ಜನ್ಯದ ದೂರುಗಳ ಕಡತಗಳನ್ನು ಸಾಮಾನ್ಯ ವಿಲೇವಾರಿ ಪಟ್ಟಿಯಿಂದ ಹೊರಗಿಡಬೇಕು. ತನಿಖೆ ಅಥವಾ ಆಯೋಗ ಘೋಷಣೆಯಾದ ಕ್ಷಣದಿಂದ ಸಂಬಂಧಿತ ಎಲ್ಲ ಕಚೇರಿಗಳಲ್ಲಿ ಕಡತ ನಾಶಕ್ಕೆ ತಡೆ ಬೀಳಬೇಕು. ನಾಶಪಡಿಸಿದ ಕಡತಗಳ ಪಟ್ಟಿ ಶಾಶ್ವತ ದಾಖಲೆಯಾಗಿ ಉಳಿಯಬೇಕು. ಹೇಳಿಕೆ ನೀಡಿದವರಿಗೆ ತಮ್ಮ ಹೇಳಿಕೆಯ ಪ್ರತಿ ಕೇಳದೆಯೇ ದೊರೆಯಬೇಕು. ಅದನ್ನು ಇತರರಿಗೆ ನೀಡಲು ಅಥವಾ ಬೇರೆ ಉದ್ದೇಶಕ್ಕೆ ಬಳಸಲು ಅವರ ಒಪ್ಪಿಗೆ ಬೇಕು. ಮೃತರ ಪರವಾಗಿ ಕುಟುಂಬದವರಿಗೆ ಈ ಹಕ್ಕು ಸಲ್ಲಬೇಕು. ಆರೋಪಕ್ಕೆ ಗುರಿಯಾದವರ ಹೆಸರನ್ನು, ತೀರ್ಪು ಬರುವವರೆಗೆ ಸಾರ್ವಜನಿಕ ಪ್ರತಿಯಲ್ಲಿ ಮರೆಮಾಚುವ ನಿಯಮವೂ ಇರಬೇಕು.

ಇವುಗಳಲ್ಲಿ ಮೊದಲ ಮೂರಕ್ಕೆ ಶಾಸನ ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ಗೃಹ ಇಲಾಖೆಯ ಸುತ್ತೋಲೆಯಿಂದಲೇ ಆರಂಭಿಸಬಹುದು. 2000ದಿಂದ 2015ರವರೆಗಿನ ಬೆಳ್ತಂಗಡಿ ಠಾಣೆಯ ಕಡತಗಳನ್ನು ಯಾವ ಶಾಸನವೂ ಮರಳಿ ತರಲಾರದು. 2016ರ ಬಳಿಕದ ಕಡತಗಳು ಮೂರೂ ತಾಲೂಕುಗಳ ಠಾಣೆಗಳಲ್ಲಿ ತಮ್ಮ ವಿಲೇವಾರಿಯ ಸರದಿಗೆ ಕಾಯುವಂತಾಗಬಾರದು ಎಂಬುದಷ್ಟೇ ಈಗ ಸರಕಾರದ ಕೈಯಲ್ಲಿರುವ ವಿಷಯ.